ಜೀಪಿಗೆ ಲಿಫ್ಟು ನೋಡಿದ್ದು

ನನ್ನನ್ನು ನೋಡಲು ಬಂದಾಗ ನಮ್ಮ ಮನೆಯವರು ಒಂದು ಬಟ್ಟಲು ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಒಪ್ಪಿಕೊಂಡಿದ್ದರು. ಜೀಪು ಎತ್ತುವ ಲಿಫ್ಟನ್ನು ಒಪ್ಪಿಕೊಳ್ಳಲು ಅವರಿಗೆ ಹದಿನಾಲ್ಕು ತಿಂಗಳು ಬೇಕಾದವು. ನಮ್ಮಿಬ್ಬರಲ್ಲಿ ಯಾರಿಗೆ ಹೆಚ್ಚು ಮರ್ಯಾದೆ ಸಿಕ್ಕಂತಾಯಿತು, ನೀವೇ ಹೇಳಿ!

ಇವರ ಹೆಸರು ಇಲ್ಲಿ ಬರುವುದಿಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಡೆ ಇಲ್ಲ. ಹೇಳಲೇಬೇಕಾದರೆ ನಾಲ್ಕು ಸಾಲಿನ ಒಡಪು ಕಟ್ಟಿ, ಕೊನೆಗೆ ಪ್ರಾಸದ ಮರೆಯಲ್ಲಿ ಹೇಳಬೇಕು. ಪುಟಗಟ್ಟಲೆ ಬರೆಯಲು ಕುಳಿತವಳು ಎಷ್ಟು ಪ್ರಾಸ ಹುಡುಕಲಿ? ಅದಕ್ಕೆ ‘ಇವರು’ ಎಂದೇ ಬರೆಯುತ್ತೇನೆ.

ಜೀಪು ನಮ್ಮ ಮಾವನವರ ಕಾಲದ್ದು. ನಾನು ಸೊಸೆಯಾಗಿ ಕಬ್ಬೂರಿಗೆ ಬರುವ ಮೊದಲೇ ಮನೆಯಲ್ಲಿತ್ತು, ಹೀಗಾಗಿ ಹಿರಿತನ ಅದರದ್ದೇ. ಇವರು ಎಮ್ಮೆಗಳನ್ನು ಶೆಡ್ಡಿನಿಂದ ಹೊರಗೆ ಬೇವಿನ ಗಿಡಕ್ಕೆ ಕಟ್ಟಿ, ಒಳಗೆ ಜೀಪು ನಿಲ್ಲಿಸಿ, ಗೋಡೆಯ ತುಂಬ ನಟ್ಟು ತಿರುಗಿಸುವ ಪಾನಾಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ತೂಗುಹಾಕಿದ್ದರು. ಕಬ್ಬಿನ ಹೊಲದ ಕೆಲಸ ಮುಗಿದರೆ ಸಾಕು, ಜೀಪಿನ ಕೆಳಗೆ ಗೋಣಿಚೀಲ ಹಾಸಿ ಮಲಗಿಬಿಡುವರು. ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ಜೋಡಿಸಿದ ಮೇಲೆ ಪ್ರತಿ ಸಲವೂ ಮೂರು ನಾಲ್ಕು ನಟ್ಟು ಉಳಿಯುತ್ತಿದ್ದವು. ಇವೇನು ಎಂದು ಕೇಳಿದರೆ, “ಕಂಪನಿಯವ್ರು ಹೆಚ್ಚಿಗಿ ಹಾಕಿದ್ರು” ಎನ್ನುವರು. ಹೀಗೆ ಹೆಚ್ಚಿಗೆಯಾದ ನಟ್ಟುಗಳಿಂದ ನನ್ನ ಎರಡು ಉಪ್ಪಿನಕಾಯಿ ಭರಣಿ ತುಂಬಿದವು. ಜೀಪು ಮಾತ್ರ ಓಡುತ್ತಲೇ ಇತ್ತು!

ಒಂದು ದಿನ ಕೆಳಗೆ ಹೋದವರು ಹೊರಗೆ ಬರಲಿಲ್ಲ. ಬೆನ್ನು ಹಿಡಿದುಕೊಂಡಿತ್ತು. ನಾನೂ ಪಕ್ಕದ ಮನೆಯವರೂ ಸೇರಿ ಗೋಣಿಚೀಲದ ತುದಿ ಹಿಡಿದು, ರಾಶಿಯ ಜೋಳ ಎಳೆದಂತೆ ಇವರನ್ನು ಎಳೆದು ತೆಗೆದೆವು. ಅಷ್ಟು ನೋವಿನಲ್ಲೂ, “ಸಾವಕಾಶ ಎಳೀರಿ, ಪಾನಾ ಒಳಗ ಉಳಿದೈತಿ” ಎನ್ನುತ್ತಿದ್ದರು.

ಚಿಕ್ಕೋಡಿಯ ಡಾಕ್ಟರು ಬೆನ್ನಿನ ಫೋಟೋ ನೋಡಿ, ಇನ್ನು ಮೇಲೆ ನೆಲದ ಮೇಲೆ ಮಲಗಿ ಕೆಲಸ ಮಾಡುವಂತಿಲ್ಲ, ಮಾಡಿದರೆ ಮುಂದೆ ನಡೆಯುವುದೂ ಕಷ್ಟ ಎಂದು ಖಡಾಖಂಡಿತ ಹೇಳಿದರು. ಊರು ಬಂದಾಗ ಬಸ್ಸಿನಿಂದ ಇಳಿಯುತ್ತ ಇವರು ಹೇಳಿದರು, “ಮಲಗಿ ಮಾಡಬ್ಯಾಡ ಅಂದಾರ. ನಿಂತು ಮಾಡಬ್ಯಾಡ ಅಂದಿಲ್ಲಲ್ಲ.”

ಸತ್ತಿ ಊರಿನಲ್ಲಿರುವ ನನ್ನ ತಮ್ಮ ಬೆನ್ನು ವಿಚಾರಿಸಲು ಬಂದ. ದ್ರಾಕ್ಷಿ ಬೆಳೆಯುವವನು, ಹಳೆಯ ಬಳ್ಳಿ ಕಂಡರೆ ಕಿತ್ತುಹಾಕುವ ಜಾತಿ. ಜೀಪು ಮಾರಿ ಒಂದು ಸಣ್ಣ ಕಾರು ತಗೊಳ್ಳಿರೆಂದ. ಇಲ್ಲವೇ ಗ್ಯಾರೇಜಿಗೆ ಕೊಟ್ಟು ಕುರ್ಚಿಯ ಮೇಲೆ ಕೂತು ನೋಡಿರೆಂದ. ಇವರು ಅವನಿಗೆ ಇನ್ನೊಂದು ರೊಟ್ಟಿ ಹಾಕೆಂದು ನನಗೆ ಹೇಳಿದರು, ಅಷ್ಟೇ. ಅವನು ಹೋದ ಮೇಲೆ ಕಟ್ಟೆಯ ಮೇಲೆ ಕೂತು ನನ್ನೊಬ್ಬಳಿಗೇ ಹೇಳಿದ್ದು ಬೇರೆ.

“ಇನ್ನೊಬ್ರ ಕೈಯಾಗ ಅದನ್ನ ಕೊಟ್ಟು ನಾ ನೋಡಕೋತ ಕೂಡೂದು ಆಗಂಗಿಲ್ಲ. ಮಾರಿದ್ರ, ಸಂಜೀಕ ಹೊಲದಿಂದ ಬಂದು ನಾ ಏನ ಮಾಡ್ಲಿ?”

ನನ್ನ ಜೊತೆ ಮಾತಾಡ್ರಿ ಎನ್ನಬಹುದಿತ್ತು. ಎನ್ನಲಿಲ್ಲ. ಆ ಮುಖ ನೋಡಿದರೆ ಚೇಷ್ಟೆಯ ಹೊತ್ತಲ್ಲ ಎಂದು ಗೊತ್ತಾಗುತ್ತಿತ್ತು.

ಅಂದಿನಿಂದ ಶುರುವಾಯಿತು ಲಿಫ್ಟಿನ ಹುಡುಕಾಟ. ಲಿಫ್ಟಿನಲ್ಲಿ ಎರಡು ಜಾತಿ. ಒಂದಕ್ಕೆ ಎರಡು ಕಂಬ. ಅದು ತೋಳು ಚಾಚಿ ಗಾಡಿಯನ್ನು ಹೊಟ್ಟೆಯ ಕೆಳಗೆ ಹಿಡಿದು ಎತ್ತುತ್ತದೆ. ಇನ್ನೊಂದಕ್ಕೆ ನಾಲ್ಕು ಕಂಬ. ಗಾಡಿ ಎರಡು ಉದ್ದನೆಯ ಹಲಗೆಗಳ ಮೇಲೆ ಹತ್ತಿ ನಿಲ್ಲುತ್ತದೆ, ಹಲಗೆಗಳು ಮೇಲೇರುತ್ತವೆ. ಚಕ್ರಗಳು ಗಾಳಿಯಲ್ಲಿ ತೂಗಾಡಬೇಕು, ಆಗಲೇ ಬ್ರೇಕಿನ ಕೆಲಸ ಸಲೀಸು ಎಂಬ ಕಾರಣಕ್ಕೆ ಇವರ ಮನಸ್ಸು ಎರಡು ಕಂಬದ್ದರ ಮೇಲೆ. ಇಷ್ಟು ಜ್ಞಾನ ನನಗೆ ಹೇಗೆ ಬಂತೆಂದಿರಾ? ಹದಿನಾಲ್ಕು ತಿಂಗಳು ಊಟಕ್ಕೆ ನೆಂಚಿಕೊಳ್ಳಲು ನಮ್ಮ ಮನೆಯಲ್ಲಿ ಬೇರೆ ವಿಷಯವೇ ಇರಲಿಲ್ಲ.

ಮೊದಲ ಪ್ರಶ್ನೆ, ಲಿಫ್ಟು ಎಷ್ಟು ಭಾರ ಎತ್ತಬೇಕು? ಜೀಪಿನ ತೂಕ ಕಾಗದದಲ್ಲಿ ಬರೆದಿರುತ್ತದೆ. ಆದರೆ ಕಾಗದ ನಂಬುವ ಮನುಷ್ಯರೇ ಇವರು? ಕಬ್ಬಿನ ಟ್ರ್ಯಾಕ್ಟರು ತೂಗುವ ಕಾಟಾಕ್ಕೆ ಜೀಪು ಒಯ್ಯುವುದೆಂದು ಠರಾಯಿಸಿದರು. ಅದೂ ಕಬ್ಬು ಕಡಿಯುವ ದಿನಗಳಲ್ಲಿ. ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು, ನಡುವೆ ನಮ್ಮ ಜೀಪು, ಜೀಪಿನಲ್ಲಿ ನಾನು!

“ದಿನಾ ನೀ ಕೂಡ್ತಿ. ನಿನ್ನ ಬಿಟ್ಟು ತೂಗಿದ್ರ ಲೆಕ್ಕ ತಪ್ಪತೈತಿ” ಎಂದರು. ಲಿಫ್ಟಿನ ಮೇಲೆ ಏರಿಸುವಾಗಲೂ ನನ್ನನ್ನು ಕೂಡಿಸಿಯೇ ಏರಿಸುವವರೇನೋ ಎಂದು ಹೆದರಿದೆ. ನಮ್ಮ ಪಾಳಿ ಬಂತು, ತೂಗಿದರು. ಇವರಿಗೆ ಸಮಾಧಾನವಾಗಲಿಲ್ಲ. ಕಾಟಾ ಸರಿ ಇದೆಯೋ ಇಲ್ಲವೋ ನೋಡಬೇಕೆಂದು ನನ್ನನ್ನು ಇಳಿಸಿ, ಜೀಪನ್ನು ಇನ್ನೊಮ್ಮೆ ತೂಗಿಸಿದರು. ಕಾಟಾದವನು ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿದ. ಹಿಂದಿನ ಟ್ರ್ಯಾಕ್ಟರಿನವರೆಲ್ಲ ಬಾಯಿಲೆಕ್ಕದಲ್ಲಿ ಪಳಗಿದವರು. ಒಂದರಲ್ಲಿ ಒಂದು ಕಳೆಯಲು ಅವರಿಗೆಷ್ಟು ಹೊತ್ತು? ಎಲ್ಲರೂ ಒಮ್ಮೆಲೇ ಬೇರೆ ಬೇರೆ ದಿಕ್ಕು ನೋಡತೊಡಗಿದರು. ಕಾಟಾದವನೇ ಪಾಪ, ಮರುಗಿ ಹೇಳಿದ, “ವೈನಿ, ಹತ್ತ ಕಿಲೋ ಹಿಂದ ಮುಂದ ಆಗತೈತ್ರಿ ಕಾಟಾ.”

ಎರಡನೆಯ ಪ್ರಶ್ನೆ ಎತ್ತರದ್ದು. ಜೀಪು ಎಷ್ಟು ಮೇಲೆ ಹೋದರೆ ಇವರು ಬೆನ್ನು ಬಗ್ಗಿಸದೆ ನಿಲ್ಲಬಹುದು, ಹಾಗೆ ಹೋದಾಗ ಜೀಪಿನ ತಲೆ ಶೆಡ್ಡಿನ ತಗಡಿಗೆ ತಾಗುತ್ತದೋ ಇಲ್ಲವೋ? ಟೇಪು ಹಿಡಿದು ಅಳೆದರೆ ಮುಗಿಯುವ ಮಾತು. ಇವರು ಅತ್ತೆಯವರು ಮಲಗುತ್ತಿದ್ದ ಹಳೆಯ ಹೊರಸನ್ನು ತಂದು, ನಾಲ್ಕು ಮೂಲೆಗೆ ಹಗ್ಗ ಬಿಗಿದು, ಶೆಡ್ಡಿನ ತೊಲೆಗೆ ತೂಗುಹಾಕಿದರು. ಹೊರಸೇ ಜೀಪು ಎಂದು ತಿಳಿದುಕೊಂಡು ಹದಿನೈದು ದಿನ ಅದರ ಕೆಳಗೆ ಪಾನಾ ಹಿಡಿದು ನಿಂತರು. ಕೈಯೆತ್ತಿ ಇಲ್ಲದ ನಟ್ಟು ತಿರುಗಿಸುವರು. ಸಾಲದೆಂದರೆ ಹಗ್ಗ ಒಂದು ಗೇಣು ಮೇಲೆಳೆಯುವರು. ತಮ್ಮ ಇನ್ನೊಮ್ಮೆ ಬಂದಾಗ ಇದನ್ನು ನೋಡಿ ಬಾಗಿಲಲ್ಲೇ ನಿಂತ. 

“ಮಾಮಾ, ಇದರ ಮ್ಯಾಲ ಮಲಗಾವ್ರು ಯಾರ್ರಿ?”

“ಅದು ಜೀಪ” ಎಂದರು ಇವರು. ಅವನು ಒಳಗೆ ಬಂದು, ಅಕ್ಕಾ, ಬೆನ್ನಿನ ಜೊತೆ ತಲೆಯ ಫೋಟೋವನ್ನೂ ತೆಗೆಸಿದ್ದೀರೋ ಇಲ್ಲವೋ ಎಂದು ಮೆಲ್ಲಗೆ ಕೇಳಿದ.

ನಡುವೆ ಜೀಪಿಗೆ ಇವರ ಕೈ ತಾಗದೆ ತಿಂಗಳುಗಳೇ ಕಳೆದವು. ಬ್ರೇಕು ಕಿರುಗುಡತೊಡಗಿತು. ಇವರೂ ಸಂಜೆ ಕಟ್ಟೆಯ ಮೇಲೆ ಕೂತು ಸುಮ್ಮನೆ ಕೈ ನೋಡಿಕೊಳ್ಳುತ್ತಿದ್ದರು. ಆ ಕೈಯಿಂದ ಗ್ರೀಸಿನ ಕಪ್ಪು ಹೋಗಿಬಿಟ್ಟಿತ್ತು. ಬೇರೆ ಯಾರದೋ ಕೈಯಂತಿತ್ತು. ಕೊನೆಗೆ ನಾನೇ ಗಂಟು ಬಿದ್ದು ನಿಪ್ಪಾಣಿಗೆ ಹೊರಡಿಸಿದೆ. ಹೆದ್ದಾರಿಯ ಹತ್ತಿರ ಲಿಫ್ಟು ಮಾರುವ ಅಂಗಡಿ ಇತ್ತು. ಬಸ್ಸಿನಲ್ಲಿ ನಾನೂ ಹೋದೆ. ಎಮ್ಮೆ ಕೊಳ್ಳುವಾಗ ಹಾಲು ಹಿಂಡಿ ನೋಡಲು ನನ್ನನ್ನು ಕರೆದೊಯ್ಯುವ ರೂಢಿ ಇತ್ತು, ಇದಕ್ಕೂ ಅದೇ ರೂಢಿ!

ಇವರಿಗೆ ಗೊತ್ತಿದ್ದದ್ದು ಒಂದೇ ವ್ಯಾಪಾರ, ದನದ ಪೇಟೆಯದು. ಅಲ್ಲಿ ಬೇಕಾದ ಎತ್ತಿನ ಕಡೆ ಮೊದಲು ತಿರುಗಿಯೂ ನೋಡಬಾರದು. ಬೇಡವಾದದ್ದರ ಮುಂದೆ ನಿಂತು, ಮಾರುವವನ ಸ್ವಭಾವ ತಿಳಿದುಕೊಂಡು, ಆಮೇಲೆ ಬೇಕಾದದ್ದಕ್ಕೆ ಬರಬೇಕು. ಹಾಗೆಯೇ ಇವರು ಎರಡು ಕಂಬದ ಲಿಫ್ಟನ್ನು ಕಂಡೂ ಕಾಣದಂತೆ ದಾಟಿ, ನಾಲ್ಕು ಕಂಬದ್ದರ ಮುಂದೆ ನಿಂತರು. ಸುತ್ತು ಹಾಕಿದರು. ಕಂಬ ತಟ್ಟಿದರು. ಕೂತು ಬುಡ ನೋಡಿದರು, ಗೊರಸು ನೋಡಿದ ಹಾಗೆ. ಅಂಗಡಿಯವರು ಮರಾಠಿಯಲ್ಲಿ ಅದರ ಗುಣಗಾನ ಮಾಡುತ್ತಲೇ ಇದ್ದರು. ಇವರು ಹೆಗಲ ಮೇಲಿನ ಟವೆಲ್ಲು ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಅವರ ಮುಂದೆ ಚಾಚಿದರು.

ದನದ ಪೇಟೆಯಲ್ಲಿ ಬೆಲೆ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕೇಳಬೇಕು, ಬೆರಳು ಹಿಡಿದೇ ಉತ್ತರ ಕೊಡಬೇಕು. ಇಡೀ ಕೈ ಹಿಡಿದು ಗಟ್ಟಿಯಾಗಿ ಅಲ್ಲಾಡಿಸಿದರೆ ವ್ಯಾಪಾರ ಮುಗಿಯಿತು ಎಂದರ್ಥ. ಅಂಗಡಿಯವರು ಶರ್ಟು ಇನ್ ಮಾಡಿದ ಸಭ್ಯ ಮನುಷ್ಯ, ಎತ್ತು ಕೊಂಡವರಲ್ಲ. ಹಿರಿಯರು ಕೈ ಕೊಡುತ್ತಿದ್ದಾರೆ, ಕೈಗೆ ಏನೋ ಗಾಯವಾಗಿರಬೇಕು, ಬಟ್ಟೆ ಸುತ್ತಿದ್ದಾರೆ ಎಂದುಕೊಂಡರು. ಟವೆಲ್ಲಿನೊಳಗೆ ಕೈ ಹಾಕಿ, ಐದೂ ಬೆರಳು ಹಿಡಿದು, ಪ್ರೀತಿಯಿಂದ ಕುಲುಕಿದರು.

ಇವರ ಮುಖ ಬಿಳಿಚಿತು. ಕೈ ಕೊಟ್ಟಾಗಿತ್ತು! ಅದೂ ಬೇಡವಾದ ಲಿಫ್ಟಿನ ಮುಂದೆ.

ತಪ್ಪಾಯಿತು, ನಮಗೆ ಬೇಕಾದದ್ದು ಅದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುತ್ತಾರೆಯೇ? ಕೊಟ್ಟ ಕೈ ಹಿಂದೆ ತೆಗೆದುಕೊಂಡವರು ಇವರ ಮನೆತನದಲ್ಲಿ ಇಲ್ಲವಂತೆ. ಹದಿನಾಲ್ಕು ತಿಂಗಳ ಅಳತೆ, ತೂಕ, ತೂಗುವ ಹೊರಸು ಎಲ್ಲವೂ ಒಂದು ಕೈಕುಲುಕಿಗೆ ಹೋಯಿತು. ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ, “ಏನ್ರಿ, ನಿಮಗ ಎರಡ ಕಂಬದ್ದು ಬೇಕಾಗಿತ್ತಲ್ರಿ?”

ಇವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು, “ನಾಕ ಕಾಲ ಇದ್ರ ಛಲೋ. ಎಮ್ಮಿಗೂ ನಾಕ ಅದಾವ.”

ಲಿಫ್ಟು ಬಂತು. ಎರಡು ಕಂಬದ್ದಕ್ಕೆ ಅಳೆದ ಶೆಡ್ಡಿನಲ್ಲಿ ಅದರ ಉದ್ದ ಹಿಡಿಸಲಿಲ್ಲ. ನನ್ನ ಅಡುಗೆಮನೆಯ ಕಿಟಕಿಗೆ ಎದುರಾಗಿದ್ದ ಶೆಡ್ಡಿನ ಗೋಡೆಯನ್ನು ಕೆಡವಿ, ತಗಡು ಮುಂದೆ ಚಾಚಿ, ಆ ಬದಿಯನ್ನು ಬಯಲಾಗಿ ಬಿಟ್ಟರು. ಪೂಜೆಯ ದಿನ ಓಣಿಯ ಹೆಂಗಸರು ಲಿಫ್ಟಿಗೆ ಕುಂಕುಮ ಹಚ್ಚಿ, ಒಡಪು ಹೇಳದೆ ಕಾಯಿ ಒಡೆಯಲು ಬಿಡುವುದಿಲ್ಲವೆಂದು ನನಗೆ ಗಂಟು ಬಿದ್ದರು. ಹೇಳಿದೆ:

“ಎರಡ ಕಂಬ ನೋಡಾಕ ನಿಪ್ಪಾಣಿಗಿ ಹೋದಾರ,
ನಾಕ ಕಂಬಕ್ಕ ಕೈ ಕೊಟ್ಟು ಬಂದಾರ,
ಶೆಡ್ಡಿನ ಗ್ವಾಡಿ ಕೆಡವಿದ ಜಾಣರ್ಯಾರ?”

ನಾಲ್ಕನೆಯ ಸಾಲಿನಲ್ಲಿ ಹೆಸರು ಹೇಳಿದೆ. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇವರು ಕೇಳಿಸದವರಂತೆ ಗುಂಡಿ ಒತ್ತಿದರು. ಜೀಪು ಗುಂಯ್ ಎನ್ನುತ್ತ ಮೇಲೇರಿತು. ನಮ್ಮನ್ನೆಲ್ಲ ದೂರ ಸರಿಸಿ, ಇವರು ಒಬ್ಬರೇ ಅದರ ಕೆಳಗೆ ನಡೆದು ಹೋಗಿ, ನೆಟ್ಟಗೆ ನಿಂತು, ಕೈಯೆತ್ತಿ ಜೀಪಿನ ಹೊಟ್ಟೆ ಮುಟ್ಟಿದರು.

ಲಿಫ್ಟು ಬಂದ ಒಂಬತ್ತನೆಯ ತಿಂಗಳಿಗೆ ಇವರು ತೀರಿಕೊಂಡರು. ಬೆನ್ನಿನದಲ್ಲ, ಎದೆಯದು. ಆಸ್ಪತ್ರೆಗೆ ಒಯ್ಯಲು ಜೀಪು ಸಜ್ಜಾಗಿ ನಿಂತಿತ್ತು, ಬೇಕಾಗಲಿಲ್ಲ.

ಮೊನ್ನೆ ತಮ್ಮ ಬಂದಿದ್ದ. “ಅಕ್ಕಾ, ಆ ಗ್ವಾಡಿ ಕಟ್ಟಿಸಿಬಿಡೂನು. ಲಿಫ್ಟ ರಾಯಬಾಗದವ್ರೊಬ್ರು ಕೇಳಾಕತ್ತಾರ” ಎಂದ. ಈಗ ಬೇಡ ಎಂದೆ. ಚಳಿಗಾಲದಲ್ಲಿ ಅಡುಗೆಮನೆಗೆ ಗಾಳಿ ನುಗ್ಗುತ್ತದೆ ಎಂದ. ನುಗ್ಗಲಿ ಎಂದೆ. ಅವನಿಗೆ ಹೇಗೆ ಹೇಳಲಿ? ಇಪ್ಪತ್ತಾರು ವರ್ಷ ಇವರು ಜೀಪಿನ ಕೆಲಸ ಮಾಡುವಾಗ ನಾನು ಕಂಡದ್ದು ಎರಡು ಅಂಗಾಲು ಮಾತ್ರ. ಚಹಾ ತಂದಿದ್ದೇನೆ ಎಂದು ಹೇಳುತ್ತಿದ್ದದ್ದು ಅಂಗಾಲಿಗೆ, ಸಿಟ್ಟು ಮಾಡುತ್ತಿದ್ದದ್ದೂ ಅಂಗಾಲಿನ ಮೇಲೆ. ಗೋಡೆ ಬಿದ್ದು, ಜೀಪು ಮೇಲೇರಿದ ಮೇಲೆ, ರೊಟ್ಟಿ ತಟ್ಟುತ್ತ ಕಿಟಕಿಯಿಂದ ನೋಡಿದರೆ ಮುಖ ಕಾಣುತ್ತಿತ್ತು. ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದು, ಹುಬ್ಬೇರಿಸಿ, ತಮ್ಮಷ್ಟಕ್ಕೆ ನಗುತ್ತ ನಟ್ಟು ತಿರುಗಿಸುತ್ತಿದ್ದರು. ಆ ಮುಖ ನನಗೆ ಊಟದಲ್ಲಿ, ಹಬ್ಬದಲ್ಲಿ, ಎಲ್ಲಿಯೂ ಸಿಕ್ಕಿರಲಿಲ್ಲ.

ಒಂದು ಸಂಜೆ ರೊಟ್ಟಿ ಸೀದ ವಾಸನೆ ಅಲ್ಲಿಯವರೆಗೆ ಹೋಗಿರಬೇಕು. ಇವರು ತಿರುಗಿ, “ಏನ ನೋಡಾಕತ್ತಿ?” ಎಂದರು.

“ಜೀಪ” ಎಂದೆ.

ನಂಬಿಬಿಟ್ಟರು! ಕೈ ಒರೆಸಿಕೊಂಡು, ನನ್ನನ್ನು ಲಿಫ್ಟಿನ ಕೆಳಗೆ ಕರೆದು ನಿಲ್ಲಿಸಿ, ಇದು ಗೇರ್ ಬಾಕ್ಸು, ಇದು ಅಚ್ಚು, ಇಲ್ಲಿಂದ ಶಕ್ತಿ ಅಲ್ಲಿಗೆ ಹೋಗುತ್ತದೆ ಎಂದು ಅರ್ಧ ತಾಸು ಬೆರಳು ಮಾಡಿ ತೋರಿಸಿದರು. ನಾನು ಹೂಂ ಎನ್ನುತ್ತ, ಆ ಅರ್ಧ ತಾಸೂ ಒಮ್ಮೆಯೂ ಮೇಲೆ ಜೀಪಿನ ಕಡೆ ನೋಡದೆ ನಿಂತಿದ್ದೆ.