‘ಕ್ಲಿಯರ್’ ಮಾಡುವ ಸ್ಕ್ಯಾನರ್ ಸಾಹೇಬರಿಗೆ

ಶಿವಮೊಗ್ಗದ ಕಾರು ಸರ್ವಿಸ್ ಕೇಂದ್ರವೊಂದರ ಗಾಜಿನ ಬೀರುವಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಸ್ಕ್ಯಾನರ್ ಸಾಹೇಬರೇ,

ಭದ್ರಾವತಿಯ ಗ್ರಾಹಕಿಯ ಸವಿನಯ ವಂದನೆಗಳು. ತಮ್ಮ ಪರದೆ, ವೈರು, ಬ್ಯಾಟರಿ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮನ್ನು ಪರೀಕ್ಷಿಸುವವರು ಯಾರೂ ಇಲ್ಲದ್ದರಿಂದ ಕ್ಷೇಮವಾಗಿಯೇ ಇರಬೇಕು.

ನನ್ನ ಅತ್ತೆ ದಾಕ್ಷಾಯಣಿಯವರನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಕರೆದೊಯ್ಯುವವಳು ನಾನು. ಬೆಳಿಗ್ಗೆ ಏಳರ ಸರದಿ ತಪ್ಪಿದರೆ ಹಾಸಿಗೆ ಬೇರೆಯವರದು. ಕಳೆದ ತಿಂಗಳು ಅರ್ಧ ದಾರಿಯಲ್ಲಿ ಎಂಜಿನ್ ದೀಪ ಹೊತ್ತಿಕೊಂಡು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ಇಪ್ಪತ್ತರ ಮೇಲೆ ಓಡಲೊಪ್ಪದಿದ್ದಾಗ, ಹಿಂದಿನ ಸೀಟಿನಿಂದ ಅತ್ತೆ, “ಇಳಿದು ನಡ್ಕೊಂಡು ಹೋದ್ರೆ ನಿನಗಿಂತ ಮೊದ್ಲು ನಾನೇ ಮುಟ್ತೀನಿ ಮಾರಾಯ್ತಿ” ಎಂದರು.

ಕಾರನ್ನು ತಮ್ಮ ಸನ್ನಿಧಿಗೆ ತಂದು ತಮ್ಮ ವೈರು ಸಿಕ್ಕಿಸಿದಾಗ, ತಾವು ಅರೆ ನಿಮಿಷದಲ್ಲಿ ದೋಷದ ಸಂಖ್ಯೆಯೊಂದನ್ನು ದಯಪಾಲಿಸಿದಿರಿ. ತಮ್ಮ ಸೇವೆಯಲ್ಲಿರುವ ದುಶ್ಯಂತ್ ಗುಂಡಿ ಒತ್ತಿ, “ಕ್ಲಿಯರ್ ಆಯ್ತು ಮೇಡಂ” ಎಂದರು. ಇಲ್ಲಿ ತಪ್ಪು ನನ್ನದೂ ಇರಬಹುದು. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಾನು ಕ್ಲಿಯರ್ ಎಂದರೆ ಸರಿಹೋಯಿತು ಎಂದುಕೊಂಡೆ. ಆ ಸಂಖ್ಯೆಯನ್ನು ಅಳಿಸಿದರು ಎಂದಷ್ಟೇ ಅದರ ಅರ್ಥವೆಂದು ತಿಳಿಯಲು ಕಾರು ಇನ್ನೂ ಎರಡು ಸಲ ಕೈಕೊಡಬೇಕಾಯಿತು. ಎರಡನೆಯ ಸಲ ಸರದಿ ತಪ್ಪಿ, ಮರುದಿನ ಅತ್ತೆಯ ಪಾದಗಳು ಊದಿ ಚಪ್ಪಲಿಗೆ ಹಿಡಿಸಲಿಲ್ಲ.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಪರಮೇಶ್ ಬಾನೆಟ್ ಎತ್ತಿ, “ಅಳಿಸಿಬಿಟ್ರೆ ಯಾವ ಸ್ಪೀಡಲ್ಲಿ, ಎಷ್ಟು ಬಿಸಿಗೆ ಕೈಕೊಡ್ತು ಅನ್ನೋದೂ ಹೋಗುತ್ತೆ ಅಕ್ಕ. ನಂಬರು ದಿಕ್ಕು ತೋರ್ಸುತ್ತೆ ಅಷ್ಟೇ, ವೈರು ನಾವೇ ಅಲುಗಿಸಿ ನೋಡ್ಬೇಕು” ಎಂದು ಬಾನೆಟ್ ಮುಚ್ಚಿದರು. ಹೊರಗಿನವರು ವೈರು ಮುಟ್ಟಿದರೆ ವಾರಂಟಿ ಹೋಗುತ್ತದೆಯಂತೆ; ತಮ್ಮವರು ಮುಟ್ಟಿದರೆ ಬಹುಶಃ ಮರ್ಯಾದೆ ಹೋಗುತ್ತದೆ.

ಡಯಾಲಿಸಿಸ್ ಕೋಣೆಯಲ್ಲೂ ತಮ್ಮ ಬಂಧುವೊಬ್ಬರಿದ್ದಾರೆ, ತಮಗಿಂತ ದೊಡ್ಡ ಪರದೆಯವರು. ಅವರು ಎಲ್ಲ ಸರಿಯಿದೆ ಎಂದು ಹಸಿರು ದೀಪ ತೋರಿಸಿದರೂ, ಅಲ್ಲಿನ ನರ್ಸ್ ವಾಣಿ ಅತ್ತೆಯ ತೋಳಿನ ಮೇಲೆ ಎರಡು ಬೆರಳಿಟ್ಟು ರಕ್ತದ ಮಿಡಿತ ನೋಡದೆ ಸೂಜಿ ಚುಚ್ಚುವುದಿಲ್ಲ. ಹಳೆಯ ಕಾಲದ ಹುಡುಗಿಯಿರಬೇಕು, ಕ್ಷಮಿಸಿಬಿಡಿ.

ಇಷ್ಟು ಸಲೀಸಾಗಿ ಅಳಿಸುವ ವಿದ್ಯೆ ತಮಗೆ ಒಲಿದಿರುವುದರಿಂದ ನನ್ನದೊಂದು ಬಿನ್ನಹ: ಅತ್ತೆಯ ರಕ್ತಪರೀಕ್ಷೆಯ ಸಂಖ್ಯೆಗಳಿಗೂ ಒಮ್ಮೆ ಆ ಗುಂಡಿ ಒತ್ತಿಸಿ; ನಾವು ಶಿವಮೊಗ್ಗಕ್ಕೆ ಬರುವುದೇ ತಪ್ಪುತ್ತದೆ. ಅದು ಆಗದಿದ್ದರೆ, ಎರಡು ಕೈಗಳಿರುವ ಯಾರಾದರೊಬ್ಬರು ನನ್ನ ಕಾರಿನ ವೈರುಗಳನ್ನು ಮುಟ್ಟಿ ನೋಡಲು ತಾವು ಅಪ್ಪಣೆ ಕೊಡಬೇಕು.

ಗುಂಡಿ ಒತ್ತಿದರೂ ಅಳಿಯದ, ತಮ್ಮ ವಿಶ್ವಾಸಿ,
ಸುಷ್ಮಾ
ಭದ್ರಾವತಿ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ, ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂದು ತಮ್ಮ ಕೇಂದ್ರದಿಂದ ಸಂದೇಶ ಬಂತು. ಇನ್ನೂ ಕಳುಹಿಸದ ದೂರನ್ನೇ ಇತ್ಯರ್ಥಗೊಳಿಸಿದ ಚುರುಕಿಗೆ ನಮೋ ನಮಃ. ನಾಳೆ ನಾವು ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇವೆ. ಅದರ ಡ್ರೈವರು ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಾರಂತೆ.