ಅಜ್ಜನ ತಲೆದಿಂಬು

ರಜೆಗೆ ಹೊರಡುವ ಮುನ್ನ ಸರ್ವರಣ್ಣನ ಹೆಂಡತಿ ಹಾಕಿದ್ದು ಒಂದೇ ಷರತ್ತು. "ಈ ಸಲ ಲ್ಯಾಪ್‌ಟಾಪ್ ಮನೇಲೇ ಇರ್ಲಿ. ಹೊತ್ತು ಹೋಗಲ್ಲ ಅಂದ್ರೆ ಎಲ್ಲರ ಹಾಗೆ ಒಂದು ಪುಸ್ತಕ ತಗೊಂಡು ಬನ್ನಿ." ತಾಪತ್ರಯವೆಲ್ಲ ಶುರುವಾದದ್ದು ಆ ಪುಸ್ತಕದಿಂದ.

ಸರ್ವರಣ್ಣ ಎಂದರೆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಕಾಯುವ ಆಸಾಮಿ. ಈ ಹೆಸರು ಕೇಳಿದಂದಿನಿಂದ ಅಳಿಯ ಯಾವುದೋ ಹೋಟೆಲಿನಲ್ಲಿ ತಿಂಡಿ ಸರ್ವ್ ಮಾಡಿಕೊಂಡು ಇದ್ದಾನೆಂದು ಅವನ ಅತ್ತೆಗೆ ಒಳಗೊಳಗೇ ಅನುಮಾನ. ಕಳೆದ ಕೆಲವು ರಜೆಗಳು ಕೊನೆಯ ಗಳಿಗೆಯಲ್ಲಿ ಯಾವುದೋ ಯಂತ್ರ ಕೆಟ್ಟು ಮಣ್ಣುಪಾಲಾಗಿದ್ದವು. ಈ ಸಲವೂ ಕೈಕೊಟ್ಟರೆ ತಾನೂ ಮಗಳೂ ಅವನನ್ನು ಬಿಟ್ಟೇ ಹೊರಡುತ್ತೇವೆಂದು ಹೆಂಡತಿ ಹೇಳಿಯಾಗಿತ್ತು. ಬಸ್ಸು ಅಂದೇ ಸಂಜೆಗೆ.

ಯಾವ ಪುಸ್ತಕ ಒಯ್ಯುವುದು ಎಂದು ಯೋಚಿಸುತ್ತಿದ್ದವನಿಗೆ ತನ್ನ ಮೊದಲ ಕಂಪ್ಯೂಟರ್ ಕೈಪಿಡಿ ನೆನಪಾಯಿತು. ಕಂಪ್ಯೂಟರ್ ಕೊಳ್ಳುವ ಯೋಗ್ಯತೆ ಇಲ್ಲದ ಕಾಲದಲ್ಲಿ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ, ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಕೀಬೋರ್ಡು ಬರೆದುಕೊಂಡು, ಅದರ ಮೇಲೆಯೇ ಬೆರಳಾಡಿಸುತ್ತ ಓದಿದ್ದ. ಅಕ್ಕ ಬಾಗಿಲಲ್ಲಿ ನಿಂತು "ಏನೋ, ಉತ್ತರ ಬಂತಾ?" ಎಂದು ರೇಗಿಸುತ್ತಿದ್ದಳು. ಆ ಪುಟಗಳ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು. ಒಯ್ದರೆ ಅದನ್ನೇ ಒಯ್ಯಬೇಕು.

ಆ ಪುಸ್ತಕ ಇದ್ದದ್ದು ಅಜ್ಜನ ಮೇಜಿನ ಕಾಲಡಿಯಲ್ಲಿ.

ಅಜ್ಜ ಎಂದರೆ ಆಫೀಸಿನ ಅತಿ ಹಳೆಯ ಸರ್ವರು. ಎಲ್ಲರ ಹಾಜರಿ, ರಜೆ ಅದರ ಹೊಟ್ಟೆಯಲ್ಲೇ. ಬಹಳ ಹಿಂದೆ ಅದರ ಮೇಜಿನ ಕಾಲೊಂದು ಮುರಿದಾಗ, ಬಡಗಿ ಬರುವ ತನಕ ಇರಲಿ ಎಂದು ಸರ್ವರಣ್ಣ ತನ್ನ ಕೈಪಿಡಿಯನ್ನೇ ಅಡಿಗೆ ತುರುಕಿದ್ದ. ತಾತ್ಕಾಲಿಕ ಎಂಬುದರಷ್ಟು ಶಾಶ್ವತವಾದದ್ದು ಆಫೀಸುಗಳಲ್ಲಿ ಬೇರೊಂದಿಲ್ಲ. ಬಡಗಿ ಬರಲೇ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಸರ್ವರಣ್ಣ ಹೋಗಿ, ಭುಜದಿಂದ ಮೇಜನ್ನೆತ್ತಿ, ಪುಸ್ತಕ ಎಳೆದು, ಅಷ್ಟೇ ದಪ್ಪದ ಮರದ ತುಂಡನ್ನು ಇಟ್ಟ. ಹೊದಿಕೆಯ ಧೂಳು ಒರೆಸುತ್ತಿದ್ದಾಗ ಅಜ್ಜ ಗೊರಗೊರ ಎಂದು ಕೆಮ್ಮಿ, ನಿಂತೇಹೋಯಿತು.

ಅಂದು ರಜೆಗೆ ಮುಂಚಿನ ಕೊನೆಯ ದಿನ. ಅಜ್ಜ ಎದ್ದು ಒಪ್ಪಿಗೆ ಕೊಡದೆ ಯಾರಿಗೂ ರಜೆಯಿಲ್ಲ. ಸುದ್ದಿ ಹಬ್ಬಿದ್ದೇ ತಡ, ಕರೆಯದೆ ಬಂದ ಬೀಗರಂತೆ ಇಡೀ ಆಫೀಸು ಸರ್ವರ್ ಕೋಣೆಯಲ್ಲಿ ನೆರೆಯಿತು.

ಕಂಪ್ಯೂಟರ್ ಬಿಚ್ಚಿ ಜೋಡಿಸುವ ಹುಚ್ಚಿನ ಹಾರ್ಡ್‌ವೇರ್ ಭಾವ ಮೊದಲು ಬಂದು, ಅಜ್ಜನ ಮೈಗೆ ಕಿವಿಯಿಟ್ಟು ಡಾಕ್ಟರಂತೆ ಕಣ್ಣು ಮುಚ್ಚಿದ. ಯಾರ ಭಾವ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಹಾಗೇ ಕರೆಯುತ್ತಿದ್ದರು. "ಮರ ಗಟ್ಟಿ, ನಡುಕ ತಡ್ಕೊಳಲ್ಲ. ಡಿಸ್ಕಿಗೆ ವಯಸ್ಸಾಗಿದೆ. ಕಾಗದದ ಮೆತ್ತೆನೇ ಬೇಕು," ಎಂದ. ಅಂದರೆ ಪುಸ್ತಕವೇ ಬೇಕು.

ಹಾಗಾಗಿ ಅಂದು ಎಲ್ಲರೂ ಪುಸ್ತಕ ಶಿಫಾರಸು ಮಾಡುವವರೇ, ಒಳಗೇನಿದೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಭಾವ ಬಿಡಿಭಾಗಗಳ ಕ್ಯಾಟಲಾಗು ತಂದ. ನುಣುಪು ಹಾಳೆ, ಜಾರಿತು. ಮ್ಯಾನೇಜರ್ ಮೇಡಂ ಯಶಸ್ಸಿನ ಗುಟ್ಟು ಹೇಳುವ ತಮ್ಮ ಪುಸ್ತಕ ಕೊಟ್ಟರು. ರಟ್ಟು ದಪ್ಪ, ಒಳಗೆ ತಿರುಳು ಕಡಿಮೆ. ಮೇಜು ವಾಲಿ ಸರ್ವರಣ್ಣನ ಕಾಲ್ಬೆರಳಿನ ಮೇಲೆ ಕೂತಿತು. ಪ್ರತಿ ಸಲವೂ ಅಜ್ಜನನ್ನು ಎಬ್ಬಿಸಬೇಕು, ಅದು ಕೆಮ್ಮಬೇಕು, ಎಲ್ಲರೂ ಸರ್ವರಣ್ಣನನ್ನು ದುರುಗುಟ್ಟಿ ನೋಡಬೇಕು. ಆ ಹಳೆಯದನ್ನೇ ವಾಪಸ್ಸು ಇಡಬಾರದೇ ಎಂದು ಮೇಡಂ ಕೇಳಿದರು. ಸರ್ವರಣ್ಣ ಪುಸ್ತಕವನ್ನು ಎದೆಗೆ ಅವಚಿಕೊಂಡ.

ಕೊನೆಗೆ ಪ್ರೋಗ್ರಾಮರ್ ತಮ್ಮಯ್ಯ ತನ್ನ ಕಪಾಟಿನಿಂದ ಇಟ್ಟಿಗೆಯಂಥ ಒಂದು ಪುಸ್ತಕ ತಂದ. ಪ್ರೋಗ್ರಾಮಿಂಗ್ ಕಲಿಯಲಿ ಎಂದು ಅವನ ಸೋದರಮಾವ ಕೊಡಿಸಿದ್ದಂತೆ. ಇಟ್ಟರೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಅಜ್ಜ ಊಟ ಮಾಡಿ ಮಲಗಿದವರಂತೆ ಸಣ್ಣಗೆ ಗುಂಯ್‌ಗುಟ್ಟಿತು.

"ಅದ್ಸರಿ ಅಣ್ಣಾ, ಆ ಹಳೇ ಪುಸ್ತಕದಲ್ಲಿ ಅಂಥಾದ್ದೇನಿದೆ? ಎಲ್ಲಾ ನೆಟ್‌ನಲ್ಲಿ ಸಿಗುತ್ತಲ್ಲ," ಎಂದ ತಮ್ಮಯ್ಯ.

ಸರ್ವರಣ್ಣ ಹೆಚ್ಚು ಮಾತಿನವನಲ್ಲ. ಅಂದು ಏನಾಯಿತೋ, ಮಾತು ತಾನಾಗಿ ಬಂತು. "ವಿಷಯ ಸಿಗುತ್ತಪ್ಪ. ಅದನ್ನ ಮೊದಲ ಸಲ ಓದ್ದೋನು ಸಿಗಲ್ಲ. ರಟ್ಟಿನ ಮೇಲೆ ಕೀಲಿ ಒತ್ತಿ, ಗೋಡೆನೇ ಪರದೆ ಅಂದ್ಕೊಂಡು, ಉತ್ತರ ಬಂತು ಅಂತ ಕುಣಿದಾಡ್ತಿದ್ದ ಹುಡುಗ ಒಬ್ಬ ಇದ್ದ. ಈಗ ನಾನು ಯಂತ್ರದ ಮುಂದೆ ಕೂತ್ರೆ ಬೈಯೋದಕ್ಕೆ ಮಾತ್ರ ಬಾಯಿ ತೆಗೀತೀನಿ. ಅವನನ್ನ ಒಂದ್ಸಲ ನೋಡ್ಕೊಂಡು ಬರೋಣ ಅಂತ."

ಭಾವ ಮೂಗೊರೆಸಿಕೊಂಡ. ತಮ್ಮಯ್ಯ ಮೇಜಿನ ಕಾಲನ್ನೇ ನೋಡುತ್ತ ನಿಂತ.

ಮಧ್ಯಾಹ್ನ ಪೂರ್ತಿ ಎಲ್ಲರ ರಜೆ ಒಪ್ಪಿಗೆಯಾಗುವಂತೆ ನೋಡಿಕೊಂಡು, ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿ, ಕಟ್ಟಕಡೆಗೆ ತನ್ನ ರಜೆಯನ್ನು ಅಜ್ಜನಿಗೆ ಸೇರಿಸಿ ಸರ್ವರಣ್ಣ ಓಡಿದ. ಬಸ್ಸು ಸಿಕ್ಕಿತು. ಹೆಂಡತಿ ನಂಬಲಾರದೆ ಅವನ ಕೈ ಮುಟ್ಟಿ ನೋಡಿದಳು. ಮಗಳು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಪುಸ್ತಕ ತೆರೆದರೆ ಅದೇ ವಾಸನೆ. ಮೊದಲ ಪುಟ ಮುಗಿದು ಹಾಳೆ ಮಗುಚಬೇಕು, ಅಷ್ಟರಲ್ಲಿ ಫೋನು.

ಮೇಡಂ. ಅಜ್ಜ ಮತ್ತೆ ನಿಂತಿದೆಯಂತೆ. ಎಲ್ಲರ ರಜೆ ಬೇರೆ ಡಿಸ್ಕಿನಲ್ಲಿ ಭದ್ರವಾಗಿದೆ, ಆಮೇಲೆ ಸೇರಿಸಿದ ಒಂದು ಮಾತ್ರ ಮಾಯ. "ನಿಮ್ಮದೇ," ಎಂದರು.

ಸರ್ವರಣ್ಣ ತಮ್ಮಯ್ಯನಿಗೆ ಫೋನು ಮಾಡಿದ. ಅವನು ಆಗಲೇ ರೈಲಿನಲ್ಲಿದ್ದ.

"ಬೇಜಾರು ಮಾಡ್ಕೋಬೇಡಿ ಅಣ್ಣಾ. ನಿಮ್ಮ ಮಾತು ಕೇಳಿದ ಮೇಲೆ ಮನಸ್ಸು ತಡೀಲಿಲ್ಲ. ನೀವು ಊಟಕ್ಕೆ ಎದ್ದಾಗ ನನ್ನ ಪುಸ್ತಕ ತಗೊಂಡು ಬಂದ್ಬಿಟ್ಟೆ. ಅಲ್ಲಿ ಮೇಡಂ ಪುಸ್ತಕ ಇಟ್ಟಿದ್ದೀನಿ, ಕೆಳಗೆ ಕ್ಯಾಟಲಾಗು ಕೊಟ್ಟು." ಆಮೇಲೆ ದನಿ ತಗ್ಗಿಸಿದ. "ಐವತ್ತು ಪುಟ ಓದಿದೆ. ನೀವು ಹೇಳಿದ ಹುಡುಗ ಸಿಕ್ಕಿದ ಅಣ್ಣಾ."

ಬೈಯಲು ಬಾಯಿ ತೆಗೆದ ಸರ್ವರಣ್ಣನಿಗೆ ಬೈಗುಳ ಬರಲಿಲ್ಲ.

ಅವನು ಇಳಿದ. ಹೆಂಡತಿ ತಾನು ಹೇಳಿದ್ದನ್ನು ಮಾಡಿಯೇ ತೀರುವವಳು. ಮಗಳನ್ನು ಕಿಟಕಿಗೆ ಸರಿಸಿ ಕೂತಳು, ಬಸ್ಸು ಹೊರಟಿತು. ಖಾಲಿ ಆಫೀಸಿನಲ್ಲಿ ಅವನು ಭುಜದಿಂದ ಮೇಜನ್ನೆತ್ತಿ ಕೈಪಿಡಿಯನ್ನು ಅಡಿಗೆ ತಳ್ಳಿದ. ಅಜ್ಜ ಒಂದು ಸಲವೂ ಕೆಮ್ಮದೆ ಎದ್ದಿತು. ಡಿಸ್ಕಿನ ತಪಾಸಣೆ ಮುಗಿಯುವ ತನಕ ಕಾವಲಿರಬೇಕು, ಲ್ಯಾಪ್‌ಟಾಪ್ ಮನೆಯಲ್ಲಿ. ಬೇರೆ ದಾರಿ ಕಾಣದೆ ನೆಲದ ಮೇಲೆ ಬೋರಲಾಗಿ ಮಲಗಿ, ಕತ್ತು ವಾಲಿಸಿ ಮೇಜಿನಡಿ ನೋಡಿದ.

ಹೆಂಡತಿಯ ಫೋನು ಬಂತು. ಸಿಟ್ಟು ಅರ್ಧ ಇಳಿದಿತ್ತು. "ಪುಸ್ತಕ ಆದ್ರೂ ಓದ್ತಾ ಇದ್ದೀರಾ? ಎಲ್ಲೀ ತನಕ ಬಂತು?"

ಕ್ಯಾಲೆಂಡರ್ ಹೊದಿಕೆಯ ಬೆನ್ನಿನ ಮೇಲೆ ಆ ಕಾಲದ ತನ್ನ ಗುಂಡುಗುಂಡು ಅಕ್ಷರದಲ್ಲಿ ಪುಸ್ತಕದ ಹೆಸರು ಹೊರಗೆ ಇಣುಕುತ್ತಿತ್ತು. ಸರ್ವರಣ್ಣ ಅದರ ಮೇಲೆ ಬೆರಳಾಡಿಸಿದ.

"ಹೆಸರು ಓದಿ ಮುಗಿಸ್ದೆ ಕಣೇ," ಎಂದ.