ಮೂರನೆಯ ಮುಚ್ಚಳ

ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಆಂಬಿಯೊರಿಸ್‌ಗೆ ಈ ಗತಿ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಕೂತು, "ನೀರಿನ ಕ್ಯಾನಿನ ಮುಚ್ಚಳ ಎಸೆಯೋದು, ಪೊರಕೆ ಕೋಲಲ್ಲಿ ಹೊಡೆಯೋದು. ವಿತಿಯಾ ಅಂತೆ, ಅದೂ ಒಂದು ಆಟಾನಾ?" ಅಂದುಬಿಟ್ಟ. ಬೆನ್ನ ಹಿಂದೆಯೇ ದೋನ್ ಎಲಾದಿಯೊ ನಿಂತಿದ್ದರು. ಸಾಂತೊ ದೊಮಿಂಗೊದ ಆ ಓಣಿಯಲ್ಲಿ ಅವರಂತೆ ಮುಚ್ಚಳ ಎಸೆಯುವವರಿಲ್ಲ. ಸಾಲದ್ದಕ್ಕೆ, ಆಂಬಿಯೊರಿಸ್ ಮದುವೆಯಾಗಬೇಕೆಂದಿದ್ದ ಯೋಕಾಸ್ತಾಳ ಅಪ್ಪ.

"ನಾಲ್ಕು ಗಂಟೆಗೆ ಬಾರಯ್ಯ. ಮೂರು ಎಸೀತೀನಿ. ಒಂದು ಹೊಡಿ, ಹುಡುಗೀನ ಕೇಳು. ಮೂರೂ ತಪ್ಪಿದ್ರೆ ಈ ಓಣಿ ಮರ್ತುಬಿಡು," ಎಂದರು ಮೆತ್ತಗೆ.

ಆಂಬಿಯೊರಿಸ್ ಕಾಫಿ ಲೋಟ ಕೆಳಗಿಟ್ಟು ಎದ್ದ. ಕ್ಷೌರದಂಗಡಿಯ ತೊರಿಬಿಯೊ ಗಿರಾಕಿಯ ಗಡ್ಡ ಅರ್ಧಕ್ಕೇ ಬಿಟ್ಟು ಬಂದು ಅವನನ್ನು ತಡೆದು ನಿಲ್ಲಿಸಿದ.

"ಕಣ್ಣಿಗೆ ಕಂಡ್ಮೇಲೆ ಕೈ ಎತ್ತಿದ್ರೆ ಮುಚ್ಚಳ ಆಗ್ಲೇ ಹಿಂದಿನ ಗೋಡೇಲಿರುತ್ತೆ ಮಗಾ. ಬಿಡೋಕೆ ಮುಂಚೆನೇ ಊಹಿಸ್ಬೇಕು. ಮೊಣಕೈ ನೋಡು."

"ಇವನ ಮಾತು ಕೇಳಿ ನನ್ನ ತಮ್ಮ ಮೂರು ಸಲ ಸೋತ," ಎಂದಳು ಕಾಫಿ ಅಂಗಡಿಯ ಮಿಲಾಗ್ರೊಸಕ್ಕ. "ಪಾದ ನೋಡೋ. ಪಾದ ತಿರುಗಿದ ಕಡೆಗೇ ಮುಚ್ಚಳ."

ನಾಲ್ಕು ಗಂಟೆಗೆ ಓಣಿಯೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿತ್ತು. ಮೊದಲ ಎಸೆತಕ್ಕೆ ಆಂಬಿಯೊರಿಸ್ ಮೊಣಕೈಯನ್ನೇ ನೋಡುತ್ತಾ ಮುಚ್ಚಳ ನೋಡುವುದನ್ನು ಮರೆತ. ಅದು ಕಿವಿಯ ಪಕ್ಕ ದುಂಬಿಯಂತೆ ಗುಂಯ್ ಅಂದು ಹೋಯಿತು. ಎರಡನೆಯದಕ್ಕೆ ದೋನ್ ಎಲಾದಿಯೊರ ಪಾದ ಬಲಕ್ಕೆ ತಿರುಗಿತು. ಇವನೂ ಬಲಕ್ಕೆ ಬೀಸಿ ಬುಗುರಿಯಂತೆ ಸುತ್ತಿ ಕೂತ. ಮುಚ್ಚಳ ಎಡಕ್ಕೆ ಹೋಗಿತ್ತು.

"ಅದು ಕಾಲಲ್ಲಿ ಆಣಿ ಇರೋದಕ್ಕೆ ತಿರುಗಿಸ್ತಾರೆ ಕಣೋ," ಎಂದ ತೊರಿಬಿಯೊ.

ಇನ್ನೊಂದೇ. ಬೆವರು ಇಳಿದು ಆಂಬಿಯೊರಿಸ್‌ನ ಕಣ್ಣು ಉರಿಯಿತು. ಏನೂ ಕಾಣದೆ, ದೋನ್ ಎಲಾದಿಯೊ ಮುಚ್ಚಳ ಬಿಡುವ ಮುಂಚೆಯೇ ಕೋಲು ಬೀಸಿಬಿಟ್ಟ. ಟಕ್. ಮುಚ್ಚಳ ತಗಡಿನ ಮಾಡುಗಳನ್ನು ದಾಟಿ ಹೋಯಿತು.

ದೋನ್ ಎಲಾದಿಯೊ ಬಂದು ಅವನನ್ನು ತಬ್ಬಿಕೊಂಡರು. ಕಣ್ಣು ಒದ್ದೆಯಾಗಿತ್ತು. "ನಾನು ಬಿಡೋ ಮುಂಚೆನೇ ನನ್ನ ಮನಸ್ಸು ಓದಿದೋನು ನೀನೊಬ್ನೇ. ಇನ್ಮೇಲೆ ಪ್ರತಿ ಭಾನುವಾರ ನನ್ನ ತಂಡದಲ್ಲಿ ನೀನು. ಬೆಳಿಗ್ಗೆಯಿಂದ ಕತ್ತಲಾಗೋವರೆಗೂ."

ಆಂಬಿಯೊರಿಸ್ ಎದೆಯುಬ್ಬಿಸಿ ಯೋಕಾಸ್ತಾಳ ಬಳಿ ಹೋದ. ಅವಳು ಕುರ್ಚಿ ಎತ್ತಿಡುತ್ತಿದ್ದಳು.

"ನಿಂಗೆ ಈ ಆಟ ಬರಲ್ಲ ಅಂತಾನೇ ಇಷ್ಟಪಟ್ಟಿದ್ದೆ," ಎಂದಳು. "ನಮ್ಮಮ್ಮ ಮೂವತ್ತು ವರ್ಷದಿಂದ ಭಾನುವಾರದ ಊಟ ಒಬ್ಳೇ ಮಾಡ್ತಾಳೆ. ನನ್ನ ಕೈಲಾಗಲ್ಲ."

"ಸೋತಿದ್ರೆ?"

"ಇವತ್ತೇ ನಿನ್ನ ಜೊತೆ ಓಡಿ ಬರ್ತಿದ್ದೆ. ಬಟ್ಟೆ ಕೂಡ ತುಂಬಿಟ್ಟಿದ್ದೆ."

ಕುರ್ಚಿ ಎತ್ತಿಕೊಂಡು ಅವಳು ಒಳಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

"ಅಲ್ಲೇನು ನಿಂತೆ ಅಳಿಯ," ದೋನ್ ಎಲಾದಿಯೊ ಕೂಗಿದರು. "ಕೋಲು ತಗೋ. ಇನ್ನೂ ಬೆಳಕಿದೆ."